ಥೀಮ್ ಪಾರ್ಕ್ ಊಟ: ಕಟ್ಟಿಕೊಂಡು ಹೋಗೋದಾ, ಅಲ್ಲೇ ಕೊಳ್ಳೋದಾ?

ಖರ್ಚು ಮಾತ್ರ ನೋಡಿದರೆ ಬುತ್ತಿ ಕಟ್ಟಿಕೊಂಡು ಹೋಗುವುದೇ ಅಗ್ಗ. ಆದರೆ ಮೊದಲು ಪಾರ್ಕಿನ ನಿಯಮ ಓದಿ. ಕೆಲವು ಕಡೆ ಹೊರಗಿನ ತಿಂಡಿಯನ್ನು ಗೇಟಿನಲ್ಲೇ ತಡೆಯುತ್ತಾರೆ. ಹಸುಗೂಸಿನ ಆಹಾರ, ಪಥ್ಯದ ಊಟಕ್ಕೆ ಸಾಮಾನ್ಯವಾಗಿ ಬಿಡುತ್ತಾರೆ. ಇನ್ನೊಂದು ತಲೆನೋವು ಬಿಸಿಲು. ಬೇಯಿಸಿದ ಆಹಾರವನ್ನು ತಂಪಿಲ್ಲದೆ 2 ಗಂಟೆಗಿಂತ ಜಾಸ್ತಿ ಇಡಬಾರದು; ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದರೆ 1 ಗಂಟೆಯೇ ಮಿತಿ. ಐಸ್ ಪ್ಯಾಕ್ ಇಲ್ಲದಿದ್ದರೆ ಒಣ ತಿಂಡಿ, ಹೆಚ್ಚದ ಹಣ್ಣು ಸಾಕು. ಚೀಲ ಹೊರುವವರು ಯಾರು ಅನ್ನೋದನ್ನೂ ಮನೆಯಲ್ಲೇ ತೀರ್ಮಾನಿಸಿ!

ಒಳಗೆ ಕೊಂಡರೆ ಕೈ ಖಾಲಿ, ಜೇಬೂ ಖಾಲಿ. ಗೊತ್ತಾಗದೆ ದುಡ್ಡು ಸೋರುವುದು ಊಟಕ್ಕಿಂತ ನೀರು, ಜ್ಯೂಸಿಗೆ. ಖಾಲಿ ಬಾಟಲಿ ಒಯ್ದು ಕುಡಿಯುವ ನೀರಿನ ನಲ್ಲಿಯಲ್ಲಿ ತುಂಬಿಕೊಳ್ಳಿ.

ಮೊದಲೇ ದುಡ್ಡು ಕಟ್ಟುವ ಊಟದ ಪ್ಲಾನ್? ಹೊಟ್ಟೆ ತುಂಬಾ ಉಣ್ಣುವ ದೊಡ್ಡ ಮಕ್ಕಳಿದ್ದರೆ ಸರಿ. ಎರಡು ತುತ್ತು ತಿಂದು ರೈಡ್ ಕಡೆ ಓಡುವ ಪುಟಾಣಿಗಳಿಗೆ ಸುಮ್ನೆ ದಂಡ, ಅಲ್ವಾ?

ನಾನಾದರೆ ಎರಡನ್ನೂ ಬೆರೆಸುತ್ತೇನೆ. ಬೆಳಗ್ಗೆ ಉಳಿದುಕೊಂಡ ಕಡೆಯೇ ಗಟ್ಟಿ ತಿಂಡಿ, ಚೀಲದಲ್ಲಿ ಕುರುಕಲು, ಒಳಗೆ ಒಂದೇ ಊಟ, ಅದೂ ಮಧ್ಯಾಹ್ನದ ನೂಕುನುಗ್ಗಲಿಗೆ ಮುಂಚೆ. ನಾಲ್ಕೈದು ದಿನ ಇರುವುದಾದರೆ ಅಡುಗೆಮನೆ ಇರುವ ರೂಮು ಹುಡುಕಿ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ರಾತ್ರಿಯೂಟದ ಉಳಿತಾಯದಲ್ಲಿ ಆ ದುಡ್ಡು ವಾಪಸ್ ಬರಬಹುದು.