ದುರ್ಗಿಗುಡಿಯ ಓದುವ ಕೋಣೆ: ಭಾನುವಾರದ ಮೂರು ಗಂಟೆಗಾಗಿ ಸೇರಿ

ಎಂ.ಟೆಕ್. ಸೇರುವ ಆಸೆಯಿಂದ ಎರಡು ಸಲ ಗೇಟ್ ಪ್ರವೇಶ ಪರೀಕ್ಷೆ ಬರೆದಿದ್ದೇನೆ. ಎರಡೂ ಸಲ ಸಿವಿಲ್, ಎರಡೂ ಸಲ ಸೆಂಟರ್ ಮಂಗಳೂರು. ಮೊದಲನೇ ಸಲ 31 ಅಂಕ, ಈ ಸಲ 54. ನಡುವೆ ನಾನು ಹೊಸದಾಗಿ ಓದಿದ್ದು ಕಮ್ಮಿ. ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಜೆರಾಕ್ಸ್ ಅಂಗಡಿಯ ಮಹಡಿ ಮೇಲಿರುವ ಒಂದು ರೀಡಿಂಗ್ ರೂಮಿಗೆ ಸೇರಿದೆ. ಬೋರ್ಡಿನಲ್ಲಿ ಬರೀ ‘ಓದುವ ಕೋಣೆ’ ಅಂತಿದೆ. ಆರು ತಿಂಗಳು ಹೋಗಿದ್ದೇನೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲನೇ ಸಲ ಏನಾಯಿತು ಅಂತ ಹೇಳಿದರೆ ಈ ಜಾಗದ ಬೆಲೆ ಗೊತ್ತಾಗುತ್ತದೆ. ನನ್ನದು ಮಧ್ಯಾಹ್ನ 2:30ರ ಪಾಳಿ. ಬೆಳಿಗ್ಗೆ ತೀರ್ಥಹಳ್ಳಿಯಿಂದ ಬಸ್ ಹತ್ತಿದರೆ ಸಾಕು ಅಂದುಕೊಂಡೆ. ಆಗುಂಬೆ ಘಾಟಿಯ 14 ತಿರುವು ಇಳಿಯುವುದರೊಳಗೆ ಎರಡು ಸಲ ವಾಂತಿ. ಖಾಲಿ ಹೊಟ್ಟೆಯಲ್ಲೇ ಪರೀಕ್ಷೆಗೆ ಕೂತೆ. ಅಲ್ಲಿ ಕೀಬೋರ್ಡ್ ಮುಟ್ಟುವ ಹಾಗಿಲ್ಲ, ಉತ್ತರದ ಅಂಕಿಯನ್ನೂ ಮೌಸಿನಲ್ಲೇ ಒತ್ತಬೇಕು, ಕ್ಯಾಲ್ಕುಲೇಟರ್ ಕೂಡ ಸ್ಕ್ರೀನ್ ಮೇಲೆಯೇ ಇರುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ನನ್ನ ಕೈಗೆ ಗೊತ್ತಿರಲಿಲ್ಲ. ಕೆಲಸದ ಸೈಟಿನಲ್ಲಿ ಮೂರು ವರ್ಷ ಒತ್ತಿದ ಕ್ಯಾಲ್ಕುಲೇಟರ್ ಬೆರಳಿಗೆ ಅಂಟಿಕೊಂಡಿತ್ತು. ಒಂದು ವರ್ಗಮೂಲ ತೆಗೆಯುವಾಗ ಮೂರು ಸಲ ತಪ್ಪಿದೆ. ಪಕ್ಕದ ಹುಡುಗ ಪಟಪಟ ಕ್ಲಿಕ್ ಮಾಡುತ್ತಿದ್ದ. ಎದೆ ಹೊಡೆದುಕೊಳ್ಳುವುದಕ್ಕೆ ಶುರುವಾಯಿತು. ಡಿಪ್ಲೊಮಾದಿಂದ ಮಾಡಿಕೊಂಡು ಬಂದ, ಬೀಮು ಎಷ್ಟು ಬಾಗುತ್ತದೆ ಅಂತ ನೋಡುವ ಬೆಂಡಿಂಗ್ ಮೊಮೆಂಟ್ ಲೆಕ್ಕ ಆ ಹೊತ್ತಿಗೆ ನೆನಪಿಗೇ ಬರಲಿಲ್ಲ.

ವಾರದ ದಿನಗಳಲ್ಲಿ ಇದು ಸಾಮಾನ್ಯ ರೀಡಿಂಗ್ ರೂಮ್. ಮೇಜು, ಕುರ್ಚಿ, ಫ್ಯಾನು, ವೈಫೈ. ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ರಾತ್ರಿಯೆಲ್ಲ ಸುಲಿಯುವ ಮಂದಿ, ಮಾತು, ಬೆಳಕು. ಹಾಗಾಗಿ ವಿನೋಬನಗರದ ಚಿಕ್ಕಮ್ಮನ ಮನೆಯಲ್ಲಿದ್ದು ಇಲ್ಲಿಗೆ ಬರುತ್ತಿದ್ದೆ. ಅಷ್ಟಕ್ಕೆ ಮಾತ್ರ ಆದರೆ ಬೇರೆ ಕಡೆಯೂ ಜಾಗ ಸಿಗುತ್ತದೆ.

ಭಾನುವಾರ ಮಾತ್ರ ಬೇರೆ. ಇದನ್ನು ನಡೆಸುವವರು ನಿವೃತ್ತ ಪಾಲಿಟೆಕ್ನಿಕ್ ಮೇಷ್ಟ್ರು, ನಾವೆಲ್ಲ ಸರ್ ಅಂತಲೇ ಕರೆಯುತ್ತೇವೆ. ಅವತ್ತು ಅವರು ಒಳಗಿನ ಕೋಣೆಯನ್ನು ಪರೀಕ್ಷಾ ಕೇಂದ್ರವಾಗಿಯೇ ಮಾಡಿಬಿಡುತ್ತಾರೆ. 8:30ಕ್ಕೆ ಬಾಗಿಲಲ್ಲಿರಬೇಕು. ಮೊಬೈಲು, ವಾಚು ಎರಡೂ ಡಬ್ಬಿಗೆ. ಹನ್ನೆರಡು ಕಂಪ್ಯೂಟರಿಗೂ ಕೀಬೋರ್ಡ್ ಕಿತ್ತಿಟ್ಟಿರುತ್ತಾರೆ. ಒಂದು ರಫ್ ಪ್ಯಾಡು, ಒಂದು ಪೆನ್ನು. 9:30ರಿಂದ 12:30, 65 ಪ್ರಶ್ನೆ, 100 ಅಂಕ. ನಡುವೆ ಎದ್ದು ಚಾ ಕುಡಿಯುವ ಹಾಗಿಲ್ಲ.

ಅದಕ್ಕೂ ಮೊದಲು ಹತ್ತು ನಿಮಿಷ ಇನ್ನೊಂದು ಕೆಲಸ. ಒಂದು ಹಾಳೆ ಕೊಟ್ಟು, ಈಗ ಏನು ಹೆದರಿಕೆ ಇದೆಯೋ ಅದನ್ನು ಬರೆಯಿರಿ ಅನ್ನುತ್ತಾರೆ. ಅವರು ಓದುವುದಿಲ್ಲ, ಹಾಳೆ ನಮ್ಮ ಹತ್ತಿರವೇ ಇರುತ್ತದೆ. ಇದು ಅವರ ಕಲ್ಪನೆ ಅಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಪರೀಕ್ಷೆಗೆ ಸ್ವಲ್ಪ ಮೊದಲು ಭಯವನ್ನು ಬರೆದಿಟ್ಟವರು, ಅದರಲ್ಲೂ ಜಾಸ್ತಿ ಹೆದರುವ ಸ್ವಭಾವದವರು, ಚೆನ್ನಾಗಿ ಮಾಡಿದರಂತೆ. ನಾನು ಮೊದಲ ವಾರ ಸುಮ್ನೆ ಎರಡು ಸಾಲು ಗೀಚಿದೆ. ಮೂರನೇ ವಾರ, ಅಪ್ಪಯ್ಯ ಕೊಯ್ಲು ಬಿಟ್ಟು ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಿದ್ದನ್ನು ಬರೆದೆ. ಕಣ್ಣಲ್ಲಿ ನೀರು ಬಂತು. ಆಮೇಲೆ ಕೂತ ಮೂರು ಗಂಟೆ ಅಪ್ಪಯ್ಯ ನೆನಪಾಗಲಿಲ್ಲ, ಬರೀ ಪ್ರಶ್ನೆ ಇತ್ತು.

ಪರೀಕ್ಷೆ ಮುಗಿದ ಮೇಲೆ ಸರ್ ಅಂಕ ಕೇಳುವುದಿಲ್ಲ. ಹೋದ ಅಂಕವನ್ನು ಮೂರು ಗುಂಪು ಮಾಡಿಸುತ್ತಾರೆ: ಗೊತ್ತಿಲ್ಲದೆ ಹೋದದ್ದು, ಗಡಿಬಿಡಿಯಲ್ಲಿ ಹೋದದ್ದು, ಗೊತ್ತಿದ್ದೂ ಹೆದರಿ ಬಿಟ್ಟದ್ದು. ನನ್ನ ಮೂರನೇ ಗುಂಪಿನಲ್ಲಿ 11 ಅಂಕ ಇತ್ತು! ಮೈನಸ್ ಅಂಕದ ಭಯಕ್ಕೆ ಬಿಟ್ಟಿದ್ದೆ. ‘ನೋಡಮ್ಮ, ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗೆ ಮಾತ್ರ ಮೈನಸ್. 1 ಅಂಕದ್ದಕ್ಕೆ 1/3, 2 ಅಂಕದ್ದಕ್ಕೆ 2/3. ಅಂಕಿ ತುಂಬುವ ಪ್ರಶ್ನೆಗೆ ಯಾವ ಮೈನಸ್ಸೂ ಇಲ್ಲ, ಅದನ್ನೂ ಯಾಕೆ ಬಿಟ್ಟೆ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೇಳಿಕೊಟ್ಟ ಕ್ರಮ ಇಷ್ಟೇ. ಮೊದಲ ಸುತ್ತಿನಲ್ಲಿ, ನೋಡಿದ ಕೂಡಲೇ ದಾರಿ ಕಾಣುವ ಪ್ರಶ್ನೆ ಮಾತ್ರ. ಉಳಿದದ್ದಕ್ಕೆ ನೇರಳೆ ಬಣ್ಣದ ಗುರುತು ಹಾಕಿ ಮುಂದೆ ಹೋಗುವುದು. ಎದೆ ಹೊಡೆದುಕೊಂಡರೆ ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ, ಐದು ಸಲ. ಹೊರಗೆ ಬಿಡುವ ಉಸಿರು ಉದ್ದವಾದರೆ ಎದೆಬಡಿತ ತಾನಾಗಿ ಇಳಿಯುತ್ತದೆ.

ಒಂದು ಭಾನುವಾರ, ಅರ್ಧ ಪರೀಕ್ಷೆಯಲ್ಲಿ ಸರ್ ನನ್ನ ಕಂಪ್ಯೂಟರಿನ ಸ್ವಿಚ್ ಆಫ್ ಮಾಡಿಬಿಟ್ಟರು. ಬೇರೆ ಕಂಪ್ಯೂಟರಿಗೆ ಕೂರಿಸಿದರು. ಅವತ್ತು ಸಿಟ್ಟು ಬಂದಿತ್ತು.

ಈ ಫೆಬ್ರವರಿಯಲ್ಲಿ ಹಿಂದಿನ ದಿನವೇ ಮಂಗಳೂರಿಗೆ ಹೋಗಿ ಸೋದರತ್ತೆ ಮನೆಯಲ್ಲಿ ಉಳಿದೆ. ಪರೀಕ್ಷೆ ಶುರುವಾಗಿ ಸುಮಾರು ಮುಕ್ಕಾಲು ಗಂಟೆಗೆ ಸ್ಕ್ರೀನ್ ಅಲ್ಲಾಡದೆ ನಿಂತುಬಿಟ್ಟಿತು. ಎದೆ ಹೊಡೆದುಕೊಂಡಿತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಕೈ ತಾನಾಗಿ ಮೇಲೆ ಹೋಯಿತು, ಮೇಲ್ವಿಚಾರಕರನ್ನು ಕರೆದೆ. ಅವರು ಬೇರೆ ಸೀಟು ಹುಡುಕುವಷ್ಟರಲ್ಲಿ ಉಸಿರು ಎಣಿಸುತ್ತಾ ನಿಂತೆ. ಹೊಸ ಕಂಪ್ಯೂಟರಿನಲ್ಲಿ ಬರೆದ ಉತ್ತರವೆಲ್ಲ ಹಾಗೇ ಇತ್ತು, ಗಡಿಯಾರವೂ ನಿಂತಲ್ಲಿಂದಲೇ ಓಡಿತು. ಮೊದಲನೇ ಸಲ ಬಿಟ್ಟುಹೋದ ಬೀಮಿನ ಲೆಕ್ಕದಂಥದ್ದೇ ಇನ್ನೊಂದು ಬಂದಿತ್ತು. ಮಾಡಿದೆ.

ಕೊರತೆಗಳೂ ಇವೆ. ಮಾಡಿಗೆ ತಗಡು ಹಾಕಿದ್ದಾರೆ, ಜುಲೈ ಮಳೆಯಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಇರುವುದು ಒಂದೇ ಟಾಯ್ಲೆಟ್, ಹುಡುಗಿಯರಿಗೆ ಇದು ಕಷ್ಟ, ಎರಡು ಸಲ ಹೇಳಿದರೂ ಬದಲಾಗಿಲ್ಲ. ಕರೆಂಟು ಹೋದರೆ ಯುಪಿಎಸ್ ಅರ್ಧ ಗಂಟೆಗೆ ಸುಸ್ತು. ಕಪಾಟಿನ ಸಿವಿಲ್ ಪುಸ್ತಕಗಳು ಹಳೆಯವು, ನಿಮ್ಮದು ನೀವೇ ತನ್ನಿ. ಪಾಠ ಹೇಳುತ್ತಾರೆ ಅಂದುಕೊಂಡು ಬರಬೇಡಿ, ಹೇಳುವುದಿಲ್ಲ. ಓದೇ ಆಗಿಲ್ಲದವರಿಗೆ ಈ ಭಾನುವಾರಗಳಿಂದ ಏನೂ ಸಿಗುವುದಿಲ್ಲ.

ತಿಂಗಳಿಗೆ 900 ರೂಪಾಯಿ, ಭಾನುವಾರದ ಪರೀಕ್ಷೆಗೆ ಪ್ರತಿ ಸಲ 100. ದುಡ್ಡು ಕಮ್ಮಿ ಇದ್ದರೆ ಭಾನುವಾರಕ್ಕೆ ಮಾತ್ರ ಬನ್ನಿ, ಸರ್ ಬೇಡ ಅನ್ನುವುದಿಲ್ಲ. ಗೇಟ್ ನಡೆಸುವ ಸಂಸ್ಥೆಯೇ ಪುಕ್ಕಟೆ ಕೊಡುವ ಮಾದರಿ ಪರೀಕ್ಷೆಯನ್ನು ಮನೆಯಲ್ಲಿ ಒಮ್ಮೆ ಮಾಡಿಕೊಂಡು ಬಂದರೆ ಇನ್ನೂ ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ಹನ್ನೆರಡು ಸೀಟೂ ಬೇಗ ತುಂಬುತ್ತವೆ, ಗುರುವಾರದೊಳಗೆ ಹೆಸರು ಬರೆಸಿ. ಕಿಟಕಿ ಪಕ್ಕದ ನಾಲ್ಕನೇ ಕಂಪ್ಯೂಟರ್ ಕೊಟ್ಟರೆ ಬೇರೆ ಕೇಳಿ, ಅದರ ಮೌಸ್ ಆಗಾಗ ನಿಲ್ಲುತ್ತದೆ.