ಹಾಡು ಜೋಡಿಸಿಡಲು ಫೋಲ್ಡರ್ ಸಾಕಾ, ಟ್ಯಾಗ್ ಬೇಕಾ?

ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ನೆಟ್‌ವರ್ಕ್ ನಂಬಿ ಹಾಡು ಕೇಳೋದು ಕಷ್ಟ. ಕಂಪ್ಯೂಟರಿನಲ್ಲೇ ಇಟ್ಟುಕೊಂಡರೆ ನೆಮ್ಮದಿ.

ಫೋಲ್ಡರ್ ಸುಲಭ. ಸಿನಿಮಾಗೊಂದು ಫೋಲ್ಡರ್ ಮಾಡಿ ಪೆನ್‌ಡ್ರೈವಿಗೆ ಹಾಕಿದರೆ ಚಾರ್ಮಾಡಿ ಘಾಟಿ ಇಳಿಯುವಾಗ ಕಾರಿನಲ್ಲಿ ಹಾಗೇ ಕೇಳಬಹುದು, ಯಾವ ಸಾಫ್ಟ್‌ವೇರಿನ ಹಂಗೂ ಇಲ್ಲ. ಆದರೆ ಎಸ್. ಜಾನಕಿ ಹಾಡಿದ್ದೆಲ್ಲ ಒಟ್ಟಿಗೆ ಬೇಕು ಅಂದರೆ? ಭಾವಗೀತೆಯಂತೂ ಇನ್ನೂ ತೊಡಕು. ಕವಿ ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡಿದವರು ಮತ್ತೊಬ್ಬರು. ಸಿ. ಅಶ್ವಥ್ ರಾಗವನ್ನೂ ಹಾಕಿದರು, ಹಾಡಿದರು ಕೂಡ. ಅವರನ್ನು ಯಾವ ಫೋಲ್ಡರಿಗೆ ಸೇರಿಸುತ್ತೀರಿ?

ಇಲ್ಲಿ ಟ್ಯಾಗ್ ಗೆಲ್ಲುತ್ತದೆ. ಟ್ಯಾಗ್ ಅಂದರೆ ಗಾಯಕರು, ಸಂಗೀತ, ವರ್ಷ ಅಂತ ಹಾಡಿನ ಫೈಲಿನ ಒಳಗೇ ಬರೆದಿಡುವ ವಿವರ. ವಿಂಡೋಸಿನಲ್ಲಿ ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರ್ ಬಳಸಿ ಅದನ್ನು ತುಂಬಿಸಿ, ಹಾಡು ಕೇಳಿಸುವ ಮ್ಯೂಸಿಕ್‌ಬೀ ಎಂಬ ಸಾಫ್ಟ್‌ವೇರಿನಲ್ಲಿ ತೆರೆದರೆ ಹೇಗೆ ಬೇಕೋ ಹಾಗೆ ಹುಡುಕಬಹುದು, ಎರಡೂ ಉಚಿತ. ಹೆಸರುಗಳನ್ನು ಕನ್ನಡದಲ್ಲೇ ಬರೆಯಿರಿ, ಆದರೆ ಐಡಿ3 (ಎಂಪಿ3 ಫೈಲಿನಲ್ಲಿ ಟ್ಯಾಗ್ ಬರೆಯುವ ಕ್ರಮ) ಎರಡನೇ ಆವೃತ್ತಿಯೇ ಇರಲಿ. ಹಳೆಯ ಮೊದಲ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ 30 ಅಕ್ಷರದಷ್ಟೇ ಜಾಗ, ಕನ್ನಡಕ್ಕೆ ಅದು ಆಗಿಬರುವುದಿಲ್ಲ. ಕೆಲಸ ಜಾಸ್ತಿ, ನಿಜ.

ಬರೀ ಸಿನಿಮಾ ಹಾಡು, ಅದೂ ನೂರಿನ್ನೂರು ಇದ್ದರೆ ಫೋಲ್ಡರ್ ಸಾಕು. ಭಾವಗೀತೆ, ಶಾಸ್ತ್ರೀಯ ಸಂಗೀತ ಇದ್ದರೆ ಟ್ಯಾಗೇ ಮಾಡಿ. ಯಾವುದಾದರೂ ಸರಿ, ಇನ್ನೊಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಡಿ.