ಈಥ್0 ಬಿಡಿಸೋಕೆ ಮೂರು ದಾರಿ, ಮೂರನ್ನೂ ತುಳಿದು ನೋಡಿದೆ

ಲಿನಕ್ಸ್ ನೆಟ್‌ವರ್ಕ್ ಕಾರ್ಡುಗಳಿಗೆ ಹಿಂದಿನಿಂದ ಕೊಡುತ್ತಿದ್ದ ಹೆಸರು ಈಥ್0, ಈಥ್1. ನನ್ನ ಕೈಲಿದ್ದದ್ದು ಆರು ಡೆಬಿಯನ್ (ಲಿನಕ್ಸಿನ ಒಂದು ಬಗೆ) ಸರ್ವರ್. ಎಲ್ಲವೂ 8ನೇ ಆವೃತ್ತಿಯಿಂದ ಅಪ್‌ಗ್ರೇಡ್ ಆಗುತ್ತಲೇ ಬಂದವು. ಹೊಸ ನಮೂನೆಯ ಹೆಸರುಗಳು 2017ರ ಡೆಬಿಯನ್ 9ರಲ್ಲಿ ಬಂದರೂ ಅವು ಹೊಸ ಇನ್‌ಸ್ಟಾಲ್‌ಗೆ ಮಾತ್ರ, ಹಾಗಾಗಿ ನಮ್ಮಲ್ಲಿ ಈಥ್0, ಈಥ್1 ಹಾಗೇ ಉಳಿದಿದ್ದವು. ಡೆಬಿಯನ್ 10ರ ರಿಲೀಸ್ ನೋಟ್ಸ್‌ನಲ್ಲಿ ಈ ಹಳೆಯ ಹೆಸರುಗಳನ್ನು ಕಾರ್ಡಿಗೆ ಕಟ್ಟಿಡುವ 70-ಪರ್ಸಿಸ್ಟೆಂಟ್-ನೆಟ್ ಫೈಲಿಗೆ ಇನ್ನು ಬೆಂಬಲ ಇಲ್ಲ ಅಂತ ನೋಡಿದ ಮೇಲೆ ಸುಮ್ನೆ ಕೂರುವ ಹಾಗಿರಲಿಲ್ಲ.

ಮೊದಲು ಸೋಮಾರಿ ದಾರಿ. ಮಷೀನನ್ನು ಬೂಟ್ ಮಾಡುವ ಗ್ರಬ್‌ನಲ್ಲಿ ನೆಟ್.ಇಫ್‌ನೇಮ್ಸ್=0 ಅಂತ ಒಂದು ಮಾತು ಸೇರಿಸಿದರೆ ಮುಗೀತು, ಹೆಸರು ಬದಲಾಗುವುದೇ ಇಲ್ಲ. ಒಂದೇ ಕಾರ್ಡ್ ಇರುವ ವರ್ಚುವಲ್ ಮಷೀನಿಗೆ ಇದಕ್ಕಿಂತ ಜಾಸ್ತಿ ಏನೂ ಬೇಡ. ಆದರೆ ಎರಡು ಕಾರ್ಡ್ ಇದ್ದರೆ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಯಾವುದು ಮೊದಲು ಕಾಣುತ್ತೋ ಅದು ಈಥ್0. ಇವತ್ತು ಒಳಗಿನ ನೆಟ್‌ವರ್ಕ್, ನಾಳೆ ರೀಬೂಟ್ ಆದಾಗ ಹೊರಗಿನದು. ಫೈರ್‌ವಾಲ್ ಇರುವ ಡಬ್ಬದಲ್ಲಿ ಇಂಥ ಜೂಜು ಯಾರಿಗೆ ಬೇಕು?

ಎರಡನೆಯದು ಸಿಸ್ಟಮ್‌ಡಿ (ಬೂಟ್ ಆಗುವಾಗ ಸೇವೆಗಳನ್ನೆಲ್ಲ ಶುರು ಮಾಡುವ ವ್ಯವಸ್ಥೆ) ತಾನೇ ಕೊಡುವ ಹೆಸರು. ಬೋರ್ಡಿನ ಮೇಲೇ ಇರುವ ಪೋರ್ಟಿಗೆ ಇಎನ್‌ಓ1, ಪಿಸಿಐ ಬಸ್ (ಬೋರ್ಡಿಗೆ ಕಾರ್ಡುಗಳನ್ನು ಜೋಡಿಸುವ ಮಾರ್ಗ) 3ರಲ್ಲಿ ಕೂತ ಕಾರ್ಡಿಗೆ ಇಎನ್‌ಪಿ3ಎಸ್0, ಹೀಗೆ. ನೋಡೋಕೆ ವಿಚಿತ್ರ, ಆದರೂ ಎರಡು ದಿನದಲ್ಲಿ ಬಾಯಿಗೆ ಹತ್ತುತ್ತದೆ. ನಾಲ್ಕು ತಿಂಗಳು ಚೆನ್ನಾಗೇ ಓಡಿತು. ಆಮೇಲೆ ಒಂದು ಸರ್ವರಿಗೆ ಎನ್‌ವಿಎಂಇ ಡಿಸ್ಕಿನ ಕಾರ್ಡ್ ಹಾಕಿಸಿದೆ. ಮನೆಯಿಂದ ಪಿಂಗ್ ಮಾಡ್ತಾ ಕೂತೆ, ಐದು ನಿಮಿಷ, ಹತ್ತು ನಿಮಿಷ, ಉತ್ತರವೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಹೋಗಿ ರ್‍ಯಾಕಿನ ಹಿಂದೆ ನುಗ್ಗಿ ಮಾನಿಟರ್ ಸಿಕ್ಕಿಸಿದರೆ ಸರ್ವರ್ ಆರಾಮಾಗಿ ಲಾಗಿನ್ ಕೇಳ್ತಾ ನಿಂತಿದೆ! ಹೊಸ ಕಾರ್ಡ್ ಬಂದು ಬಸ್ ನಂಬರ್ ಒಂದು ಮುಂದಕ್ಕೆ ಜರುಗಿತ್ತು, ಇಎನ್‌ಪಿ3ಎಸ್0 ಇದ್ದದ್ದು ಇಎನ್‌ಪಿ4ಎಸ್0 ಆಗಿತ್ತು, ನೆಟ್‌ವರ್ಕ್ ಸೆಟಿಂಗ್ ಮಾತ್ರ ಹಳೆಯ ಹೆಸರಿಗೇ ಇತ್ತು. ಇದಕ್ಕೆ ಸ್ಥಿರವಾದ ಹೆಸರು ಅಂತಾರೆ. ಸ್ಥಿರ ನಿಜ, ಡಬ್ಬದೊಳಗೆ ಯಾರೂ ಕೈ ಹಾಕದಿರುವ ತನಕ.

ಮೂರನೆಯದು, ನಾನೀಗ ಇರುವುದು: ಹೆಸರು ನಾವೇ ಇಡುವುದು. ಈಟಿಸಿ (ಸೆಟಿಂಗ್‌ಗಳೆಲ್ಲ ಇರುವ ಫೋಲ್ಡರ್) ಕೆಳಗೆ ಸಿಸ್ಟಮ್‌ಡಿ/ನೆಟ್‌ವರ್ಕ್ ಫೋಲ್ಡರಿನಲ್ಲಿ ಕಾರ್ಡಿಗೊಂದು ಲಿಂಕ್ ಫೈಲು, ಮ್ಯಾಚ್ ಭಾಗದಲ್ಲಿ ಮ್ಯಾಕ್ ವಿಳಾಸ (ಕಾರ್ಡಿನ ಗುರುತಿನ ಸಂಖ್ಯೆ), ಲಿಂಕ್ ಭಾಗದಲ್ಲಿ ಹೆಸರು. ನಾನಿಟ್ಟದ್ದು ಲ್ಯಾನ್0, ವ್ಯಾನ್0. ಈಥ್0 ಅಂತ ಮತ್ತೆ ಇಡಬೇಡಿ, ಅದು ಕರ್ನಲ್ಲೇ ಹಂಚುವ ಹೆಸರು, ಕರ್ನಲ್, ಸಿಸ್ಟಮ್‌ಡಿ ಇಬ್ಬರೂ ಅದಕ್ಕೇ ಕಿತ್ತಾಡುತ್ತಾರೆ. ವಿಲ್ಯಾನ್ (ಒಂದು ಕಾರ್ಡಿನ ಮೇಲೇ ಕಟ್ಟಿದ ಕಾಲ್ಪನಿಕ ನೆಟ್‌ವರ್ಕ್) ಇದ್ದರೆ ಟೈಪ್=ಈಥರ್ ಸಾಲನ್ನೂ ಸೇರಿಸಿ, ಯಾಕೆಂದರೆ ವಿಲ್ಯಾನ್‌ಗೂ ತಾಯಿ ಕಾರ್ಡಿನ ಮ್ಯಾಕೇ ಇರುತ್ತದೆ. ಕೊನೆಗೆ ಬೂಟಿನ ಮೊದಲ ಹಂತದ ಫೈಲುಗಳನ್ನು ಹೊಸದು ಮಾಡುವ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಲೇಬೇಕು. ನಾನು ಮರೆತಿದ್ದೆ, ಒಂದಿಡೀ ಸಂಜೆ ಹೋಯಿತು.

ಮ್ಯಾಕ್ ಬದಲು ಪಿಸಿಐ ದಾರಿಯನ್ನೂ ಕೊಡಬಹುದು. ಕಾರ್ಡ್ ಸುಟ್ಟು ಬೇರೆಯದು ಹಾಕಿದರೂ ಹೆಸರು ಉಳಿಯುತ್ತದೆ ನಿಜ, ಆದರೆ ಬಸ್ ನಂಬರ್ ಜರುಗಿದರೆ ಮತ್ತದೇ ಕಥೆ. ನಾನು ಕಾರ್ಡ್ ಬದಲಿಸಿದ್ದಕ್ಕಿಂತ ಹೊಸದು ಸೇರಿಸಿದ್ದೇ ಜಾಸ್ತಿ, ಅದಕ್ಕೆ ಮ್ಯಾಕ್.

ಯಾವ ದಾರಿ ಹಿಡಿದರೂ, ಹೆಸರು ಬದಲಾದರೆ ಬೆವರು ಇಳಿಯುವುದು ಒಂದೇ ಕಡೆ: ಹಳೆಯ ಹೆಸರು ಎಲ್ಲೆಲ್ಲಿ ಅಡಗಿದೆ ಅಂತ ಹುಡುಕುವುದರಲ್ಲಿ. ಈಟಿಸಿ ಪೂರ್ತಿ ಗ್ರೆಪ್ (ಫೈಲುಗಳೊಳಗೆ ಪದ ಹುಡುಕುವ ಆಜ್ಞೆ) ಮಾಡಿದರೆ ಇಂಟರ್‌ಫೇಸಸ್ ಫೈಲು, ಐಪಿಟೇಬಲ್ಸ್ ಫೈರ್‌ವಾಲ್ ನಿಯಮ, ಡಿಎಚ್‌ಸಿಪಿ ಸರ್ವರಿನ ಸೆಟಿಂಗ್, ಕರ್ನಲ್ ಸೆಟಿಂಗ್ ಇರುವ ಸಿಸ್‌ಸಿಟಿಎಲ್‌ನ ಒಂದು ಸಾಲು ಇವೆಲ್ಲ ಸಿಗುತ್ತವೆ. ಸಿಗದೇ ಹೋದದ್ದು ಯೂಸರ್ ಲೋಕಲ್ ಬಿನ್‌ನಲ್ಲಿದ್ದ ಬ್ಯಾಕಪ್ ಸ್ಕ್ರಿಪ್ಟು. ಇಫ್‌ಕಾನ್ಫಿಗ್ ಈಥ್0 ಅಂತ ಕೇಳಿ ಅದರಿಂದ ಐಪಿ ಹೆಕ್ಕಿಕೊಳ್ಳುವ ಸ್ಕ್ರಿಪ್ಟ್ ಅದು, ಬರೆದವನು ನಾನೇ, ಒಂಬತ್ತು ದಿನ ಬ್ಯಾಕಪ್ಪೇ ಆಗಿರಲಿಲ್ಲ.

ಈಗ ನಾಲ್ಕು ಡಬ್ಬಗಳಲ್ಲಿ ಲಿಂಕ್ ಫೈಲು, ಹಿಂಬದಿಯಲ್ಲಿ ಮ್ಯಾಕ್ ಬರೆದ ಚೀಟಿ ಅಂಟಿಸಿದ್ದೇನೆ. ಉಳಿದ ಎರಡು ವರ್ಚುವಲ್ ಮಷೀನುಗಳಲ್ಲಿ ಈಥ್0 ಇನ್ನೂ ಹಾಗೇ ಇದೆ, ಅವನ್ನು ಮುಟ್ಟುವ ಯೋಚನೆಯೂ ಇಲ್ಲ.